ಅಪ್ಪನ ಗೇಟಿನಲ್ಲಿ ನನ್ನ ಪಹರೆ

ನಾನು ಸೇನೆಯಲ್ಲಿ ಲೆಫ್ಟಿನೆಂಟ್ ಆದಮೇಲೆ ಮೊದಲ ದೊಡ್ಡ ರಜೆಗೆ ಶಿಕಾರಿಪುರಕ್ಕೆ ಬಂದದ್ದು ಕಳೆದ ವರ್ಷದ ಜನವರಿಯಲ್ಲಿ. ಮನೆಯ ವಿಷಯವನ್ನು ಹೊರಗೆ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಇದನ್ನೂ ಹೇಳುತ್ತಿರಲಿಲ್ಲ. ಆದರೆ ಆ ರಜೆಯಲ್ಲಿ ನನಗಾದ ಸನ್ಮಾನದ ದಿನ ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಂಡು ತಿರುಗಿದ್ದಾರೆ. ‘ಆಫೀಸರ್ ಆದಮೇಲೆ ಹುಡುಗಿಗೆ ಸೊಕ್ಕು ಬಂದಿದೆ’ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನ ಅಪ್ಪ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಹವಾಲ್ದಾರ್ ಎಂದರೆ ಸಿಪಾಯಿಗಿಂತ ಮೇಲೆ, ಲೆಫ್ಟಿನೆಂಟ್‌ಗಿಂತ ಬಹಳ ಕೆಳಗೆ. ನಾನು ಶಿವಮೊಗ್ಗದಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ತರಬೇತಿ ಪಡೆದು ಸೀದಾ ಲೆಫ್ಟಿನೆಂಟ್ ಆದೆ. ಅಪ್ಪ ಇಡೀ ಸೇವೆಯಲ್ಲಿ ಯಾರ ಮುಂದೆ ಎದ್ದು ನಿಂತರೋ ಅಂಥವರ ಸಾಲಿಗೆ ಮಗಳು ಹೋಗಿ ಸೇರಿದ ಹಾಗಾಯಿತು.

ರಜೆಗೆ ಬಂದ ಮೊದಲ ದಿನವೇ ಅದರ ಪರಿಣಾಮ ಕಂಡಿತು. ನಾನು ಒಳಗಿನಿಂದ ಪಡಸಾಲೆಗೆ ಬಂದರೆ ಅಪ್ಪ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಮೊದಲು ತಮಾಷೆ ಅಂದುಕೊಂಡೆ. ಎರಡನೆಯ ದಿನವೂ ಎದ್ದರು.

“ಕುತ್ಕೋ ಅಪ್ಪ, ನಾನೇ ಅಲ್ವಾ” ಅಂದೆ.

“ಗೊತ್ತು. ಕಾಲು ತಾನಾಗೇ ಎದ್ದುಬಿಡ್ತಾವೆ, ಏನ್ಮಾಡ್ಲಿ?” ಅಂದರು.

ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: “ಇಷ್ಟು ವರ್ಷದಿಂದ ನಾನು ಈ ಮನೇಲಿ ಒಳಗೂ ಹೊರಗೂ ಓಡಾಡ್ತಿದೀನಿ. ನಾನು ಬಂದೆ ಅಂತ ಒಂದಿನಾನಾದ್ರೂ ಎದ್ದಿದೀರೇನ್ರೀ?”

“ನಿನಗೆ ಯಾವ ರ‍್ಯಾಂಕ್ ಐತೆ ಅಂತ ಏಳ್ಲಿ?”

“ನಿಮ್ಮ ಕರ್ನಲ್ಲಿಗೂ ಮೇಲಿನ ರ‍್ಯಾಂಕು. ಎದ್ದು ಬಂದು ಆ ಅಕ್ಕಿ ಚೀಲ ಇಳಿಸಿಕೊಡಿ.”

ಅಪ್ಪ ನಕ್ಕು ಎದ್ದು ಹೋದರು. ನನಗೆ ನಗು ಬರಲಿಲ್ಲ. ನನ್ನನ್ನು ಪುಟ್ಟಿ ಎಂದು ಕರೆಯುವುದನ್ನೂ ಅವರು ಬಿಟ್ಟಿದ್ದರು. ಅದರ ಬದಲಿಗೆ ಯಾವ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ.

ನಿವೃತ್ತಿಯ ನಂತರ ಅಪ್ಪ ಸೊರಬದ ಒಂದು ಖಾಸಗಿ ಕಾಲೇಜಿನಲ್ಲಿ ಕಾವಲುಗಾರರ ಮುಖ್ಯಸ್ಥರಾಗಿ ಕೆಲಸ ಮಾಡುತ್ತಿದ್ದರು. ಮುಖ್ಯಸ್ಥ ಎಂದರೆ ದೊಡ್ಡದೇನಲ್ಲ. ಅವರ ಕೈಕೆಳಗೆ ರಾತ್ರಿ ಪಾಳಿಗೆ ಒಬ್ಬ ಇದ್ದ, ಹಗಲು ಪಾಳಿ ಇವರದೇ. ವಾರವಿಡೀ ಅಲ್ಲೇ ಒಂದು ಕೋಣೆಯಲ್ಲಿದ್ದು ರಜಾದಿನಗಳಲ್ಲಿ ಶಿಕಾರಿಪುರಕ್ಕೆ ಬರುತ್ತಿದ್ದರು. ಆ ಗೇಟೆಂದರೆ ಅವರಿಗೆ ಪ್ರಾಣ. ಪಿಂಚಣಿ ಬರುತ್ತಿತ್ತು, ಮನೆ ನಡೆಯುತ್ತಿತ್ತು. ಆದರೂ ಬೆಳಗ್ಗೆ ಎದ್ದು ಬೂಟಿಗೆ ಪಾಲಿಶ್ ಹಾಕಲು ಅವರಿಗೊಂದು ಕಾರಣ ಬೇಕಿತ್ತು. ಕಾಲೇಜಿನ ಕಾರ್ಯದರ್ಶಿಯವರು ಪ್ರತಿ ಮಾರ್ಚ್‌ನಲ್ಲಿ ಅವರ ಕಾಂಟ್ರಾಕ್ಟನ್ನು ಒಂದು ವರ್ಷಕ್ಕೆ ಮುಂದುವರಿಸುತ್ತಿದ್ದರು.

ಆ ಕಾರ್ಯದರ್ಶಿಯವರೇ ನನಗೆ ಫೋನ್ ಮಾಡಿದರು. “ಮೇಡಂ, ನಮ್ಮ ಮಲ್ಲೇಶಪ್ಪನ ಮಗಳು ಆಫೀಸರ್ ಅಂದ್ರೆ ನಮ್ಮ ಸಂಸ್ಥೆಗೇ ಹೆಮ್ಮೆ ರೀ. ಒಂದು ಸನ್ಮಾನ ಇಟ್ಕೊಂಡಿದೀವಿ. ನೀವು ಯೂನಿಫಾರ್ಮ್‌ನಲ್ಲೇ ಬರಬೇಕು. ಬಸ್‌ಸ್ಟ್ಯಾಂಡಿಗೆ ಕಾರ್ ಕಳಿಸ್ತೀನಿ. ಕಾರು ಗೇಟಿಗೆ ಬರ್ತಿದ್ದಂಗೆ ಮಲ್ಲೇಶಪ್ಪ ಗೇಟ್ ತೆಗೆದು ನಿಮಗೆ ಸೆಲ್ಯೂಟ್ ಹೊಡೀತಾನೆ. ಮಗಳಿಗೆ ಅಪ್ಪನ ಸೆಲ್ಯೂಟ್! ಫೋಟೊದವರಿಗೆ ಹೇಳಿದೀನಿ. ಮೊಬೈಲ್‌ಗಳಲ್ಲಿ ಹೆಂಗೆ ಓಡುತ್ತೆ ನೋಡಿ.”

ಖಾಸಗಿ ಸಮಾರಂಭಕ್ಕೆ ಸಮವಸ್ತ್ರ ಧರಿಸಿ ಬರಲು ಅನುಮತಿ ಇಲ್ಲ ಎಂದು ಹೇಳಿದೆ. ಸೆಲ್ಯೂಟ್ ವಿಷಯವನ್ನು ಅಪ್ಪನ ಹತ್ತಿರವೇ ಕೇಳೋಣ ಎಂದು ಫೋನ್ ಇಟ್ಟೆ.

ಆ ಶನಿವಾರ ಅಪ್ಪ ಬಂದಾಗ ಕೇಳಿದೆ. “ನಿನಗೆ ಗೊತ್ತಿತ್ತಾ?”

“ಹೇಳಿದ್ರು. ಹೂಂ ಅಂದೆ.”

“ಕಾರ್ಯಕ್ರಮದಲ್ಲಿ ನೀನು ಎಲ್ಲಿ ಕೂರ್ತೀಯ?”

“ಕೂರೋದೆಲ್ಲಿ ಬಂತು? ಗೇಟಲ್ಲಿರ್ತೀನಿ. ಅವತ್ತು ಜನ ಜಾಸ್ತಿ.”

“ಹಾಗಾದರೆ ನಾನು ಬರಲ್ಲ.”

ಅಪ್ಪ ಬೂಟಿನ ದಾರ ಬಿಚ್ಚುವುದನ್ನು ನಿಲ್ಲಿಸಿದರು. “ಬರಲ್ಲ ಅಂದ್ರೆ ನಾನು ಅಲ್ಲಿ ಮುಖ ಎತ್ಕೊಂಡು ನಿಲ್ಲೋದು ಹೆಂಗೆ? ಮೇಲಿನವರು ಒಂದು ಮಾತು ಹೇಳಿದಾರೆ, ಆಗಲಿ ಅಂದಿದೀನಿ. ಮುಗೀತು. ಸೆಲ್ಯೂಟ್ ಹೊಡೆಯೋದು ನನಗೇನು ಹೊಸದಾ? ಯಾರ‍್ಯಾರಿಗೋ ಹೊಡೆದಿದೀನಿ, ನಿನಗೆ ಹೊಡೆಯೋಕೆ ಕೈ ನೋಯುತ್ತಾ?”

ನಾನು ಹೋಗಲು ಒಪ್ಪಿದೆ. ಆದರೆ ಆ ಮಾತು ನನ್ನೊಳಗೆ ಕೂತುಕೊಂಡಿತು. ಮೇಲಿನವರು.

ನನ್ನ ಘಟಕದಲ್ಲಿ ನನಗೂ ಮೇಲಿನವರೊಬ್ಬರಿದ್ದಾರೆ, ನಮ್ಮ ಮೇಜರ್. ಅವರು ಜವಾನರ ಮಂಚದ ಮೇಲೆ ಕಾಲು ಮಡಚಿ ಕೂರುತ್ತಾರೆ, ಅವರದೇ ಲೋಟದಲ್ಲಿ ಟೀ ಕುಡಿಯುತ್ತಾರೆ. ಜವಾನರೂ ಅವರ ಬೋಳುತಲೆಯನ್ನು ಅವರೆದುರಿಗೇ ಆಡಿಕೊಳ್ಳುತ್ತಾರೆ. ಹೊಸದಾಗಿ ಹೋದ ನನಗೆ ಇದೇನು ಶಿಸ್ತು ಅನಿಸಿತ್ತು. ಆದರೆ ಅದೇ ಮನುಷ್ಯ ಜವಾನರ ಅಡುಗೆಮನೆಗೆ ಹೋಗಿ, ಕೊನೆಯವನ ತಟ್ಟೆಗೂ ಅನ್ನ ಬಿದ್ದಿದೆಯೇ ಎಂದು ನೋಡದೆ ತಾವು ಊಟಕ್ಕೆ ಕೂರುತ್ತಿರಲಿಲ್ಲ. ಒಮ್ಮೆ ನನಗೆ ಹೇಳಿದರು: ಸಲಿಗೆ ಎಷ್ಟು ಬೇಕಾದರೂ ಇರಲಿ, ಆದರೆ ಇವರ ಊಟ, ನಿದ್ದೆ, ರಜೆ ಎಲ್ಲ ನಿನ್ನ ತಲೆಯ ಮೇಲಿವೆ, ಅದನ್ನು ಮರೆತ ದಿನ ನಿನ್ನ ಸಲಿಗೆ ಬರೀ ಸಸಾರವಾಗುತ್ತದೆ.

ಕಾರ್ಯದರ್ಶಿಯವರು ಅಪ್ಪನಿಗಿಂತ ಹತ್ತಾರು ವರ್ಷ ಚಿಕ್ಕವರು. ಫೋನಿನಲ್ಲಿ ‘ಹೊಡೀತಾನೆ’ ಅಂದಿದ್ದರು. ಅದು ಸಲಿಗೆಯಾಗಿರಲಿಲ್ಲ.

ಕಾರ್ಯಕ್ರಮದ ದಿನ ಅಮ್ಮ ಮತ್ತು ನಾನು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಕಾರು ಕಾಯುತ್ತಿತ್ತು. ಡ್ರೈವರ್ ಚಂದ್ರು ಬಾಗಿಲು ತೆಗೆದು ನಿಂತಿದ್ದ. ಅಮ್ಮನನ್ನು ಕಾರಿನಲ್ಲಿ ಕೂರಿಸಿ ಕಳಿಸಿದೆ. ನಾನು ನಡೆದೇ ಹೋದೆ. ಕಾರು ಗೇಟಿಗೆ ಬಂದಾಗ ಫೋಟೊದವನು ಸಿದ್ಧನಾಗಿ ನಿಂತಿದ್ದನಂತೆ. ಒಳಗಿಂದ ಇಳಿದದ್ದು ಅಮ್ಮ. “ಏ ತಮ್ಮ, ನನ್ನ ಯಾಕೆ ತೆಗಿತೀಯ, ನಾನೇನು ಮಿಲಿಟ್ರಿಯವಳಲ್ಲ” ಎಂದು ಹೇಳಿ ಸಭಾಂಗಣದೊಳಗೆ ಹೋಗಿಬಿಟ್ಟಿದ್ದಳು.

ನಾನು ತಲುಪಿದಾಗ ಕಾರ್ಯದರ್ಶಿಯವರು ಗೇಟಿನಲ್ಲೇ ಇದ್ದರು. ಅಪ್ಪ ಕಾವಲುಗಾರರ ನೀಲಿ ಸಮವಸ್ತ್ರದಲ್ಲಿ, ಟೋಪಿ ಹಾಕಿಕೊಂಡು ನೆಟ್ಟಗೆ ನಿಂತಿದ್ದರು. ನನ್ನನ್ನು ಕಂಡು ಹಿಮ್ಮಡಿ ಜೋಡಿಸಿದರು.

“ಹೊಡಿ ಮಲ್ಲೇಶಪ್ಪ, ಹೊಡಿ! ಸ್ವಲ್ಪ ಈ ಕಡೆ ತಿರುಗು” ಎಂದರು ಕಾರ್ಯದರ್ಶಿಯವರು.

“ಅಪ್ಪ, ಬೇಡ” ಅಂದೆ. ಅವರು ಎತ್ತಬೇಕೆಂದಿದ್ದ ಕೈ ಅಲ್ಲೇ ನಿಂತಿತು.

“ಯಾಕೆ ಮೇಡಂ?”

“ಸೆಲ್ಯೂಟ್ ತಗೊಂಡವರು ವಾಪಸ್ ಕೊಡಬೇಕು ಸರ್. ಸೀರೆಯಲ್ಲಿ, ಬರಿತಲೆಯಲ್ಲಿ ನಾನು ಕೈ ಎತ್ತುವ ಹಾಗಿಲ್ಲ. ವಾಪಸ್ ಕೊಡೋಕಾಗದ್ದನ್ನ ನಾನು ತಗೊಳ್ಳಲ್ಲ.”

“ಅಯ್ಯೋ, ಒಂದು ಫೋಟೊಗೆ ಇಷ್ಟೆಲ್ಲ ರೂಲ್ಸಾ?” ಎಂದು ನಕ್ಕರು. ಫೋಟೊದವನೂ ನಕ್ಕ.

“ಸರ್, ಅಪ್ಪನಿಗೆ ಒಳಗೆ ಕುರ್ಚಿ ಎಲ್ಲಿ?”

“ಇವನು ಒಳಗೆ ಬಂದ್ರೆ ಗೇಟ್ ಯಾರು ನೋಡ್ತಾರೆ? ರಾತ್ರಿಯವನು ಮನೆಗೆ ಹೋದ. ಇನ್ನೂ ದೊಡ್ಡದೊಡ್ಡವರು ಬರೋರಿದಾರೆ. ಕೊನೇಲಿ ಕರೆಸಿದ್ರಾಯ್ತು, ಸ್ಟೇಜ್ ಮೇಲೆ ಒಂದು ಗ್ರೂಪ್ ಫೋಟೊ. ಬನ್ನಿ ಬನ್ನಿ, ಟೈಮಾಯ್ತು.” ಹೀಗೆಂದು ಅವರು ಒಳಗೆ ನಡೆದರು. ಫೋಟೊದವನೂ ಹಿಂದೆ ಹೋದ. ನಾನು ಹಿಂಬಾಲಿಸುತ್ತೇನೆ ಎಂದು ಅವರು ಅಂದುಕೊಂಡಿರಬೇಕು.

ಗೇಟಿನಲ್ಲಿ ಅಪ್ಪ, ನಾನು ಇಬ್ಬರೇ ಉಳಿದೆವು.

“ಹೋಗು, ಕಾಯ್ತಿದಾರೆ” ಅಂದರು ಅಪ್ಪ.

“ನೀನೂ ಬಾ.”

“ಪೋಸ್ಟ್ ಬಿಟ್ಟು ಬರಕ್ಕಾಗಲ್ಲ. ನಿನಗೆ ನಾನು ಹೇಳ್ಕೊಡಬೇಕಾ? ಜನರಲ್ ಬಂದು ಕರೆದ್ರೂ ಪಹರೆಯವನು ಪೋಸ್ಟ್ ಬಿಡಲ್ಲ.”

ಅದು ನಿಜ. ಸೇನೆಯಲ್ಲಿ ಕಾವಲಿಗೆ ನಿಂತವನನ್ನು ಎಷ್ಟು ದೊಡ್ಡ ಅಧಿಕಾರಿಯೂ ಕದಲಿಸುವಂತಿಲ್ಲ. ಅವನನ್ನು ನಿಲ್ಲಿಸಿದ ಗಾರ್ಡ್ ಕಮಾಂಡರ್ ಮಾತ್ರ ಬದಲಿಯನ್ನು ಕರೆತಂದು ಅವನನ್ನು ಬಿಡಿಸಬಹುದು. ಬನ್ನಿ ಎಂದು ನಾನು ಆಜ್ಞೆ ಮಾಡಿದ್ದರೆ ಅಪ್ಪ ಬರುತ್ತಿದ್ದರೇನೋ. ಆದರೆ ನಾನು ಸ್ಥಾನದ ಬಲದಿಂದ ಅಪ್ಪನನ್ನು ಎಬ್ಬಿಸಿದರೆ ಕಾರ್ಯದರ್ಶಿಗೂ ನನಗೂ ಏನು ವ್ಯತ್ಯಾಸ? ಆಗ ಆ ನಿಯಮದಲ್ಲೇ ದಾರಿ ಕಂಡಿತು.

“ಇಲ್ಲಿ ಗಾರ್ಡ್ ಕಮಾಂಡರ್ ಯಾರು?” ಎಂದು ಕೇಳಿದೆ.

“ಯಾರಿದಾರೆ? ನಾನೇ.”

“ಬದಲಿ ಪಹರೆಯನ್ನು ಹಾಕೋರು?”

“ಅದೂ ನಾನೇ. ಬದಲಿ ಎಲ್ಲೈತೆ?”

“ಇಲ್ಲಿದೆ” ಎಂದು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಮ್ಮಡಿ ಜೋಡಿಸಿ ಸಾವಧಾನ್‌ನಲ್ಲಿ ನಿಂತೆ. “ಪಹರೆಗೆ ಹಾಜರಿದ್ದೇನೆ. ನಿಲ್ಲಿಸಿ.”

ಅಪ್ಪ ಅತ್ತಿತ್ತ ನೋಡಿದರು. “ಹುಚ್ಚು ಹಿಡೀತಾ ನಿನಗೆ? ಆಫೀಸರ್ ಗೇಟ್ ಕಾಯೋದು ಎಲ್ಲಾದ್ರೂ ಉಂಟಾ?”

“ಕಾಯಬಾರದು ಅಂತ ಎಲ್ಲೂ ಇಲ್ಲ. ಇದ್ದರೆ ಹೇಳಿ.”

ಅಪ್ಪ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು; ಇಷ್ಟು ವರ್ಷ ಕಲಿತದ್ದನ್ನೆಲ್ಲ ಒಳಗೊಳಗೇ ತಿರುವಿ ಹಾಕುತ್ತಿರುವುದು ನನಗೆ ಕಾಣುತ್ತಿತ್ತು. ಏನೂ ಸಿಗಲಿಲ್ಲ. ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಏ ಪುಟ್ಟಿ, ಈ ಚಪ್ಪಲಿ ಹಾಕ್ಕಂಡು ಪಹರೆನಾ?” ಎಂದು ಗದರಿದರು.

ಎಷ್ಟೋ ದಿನದ ಮೇಲೆ ಪುಟ್ಟಿ ಅಂದಿದ್ದರು. ನಾನು ಕದಲಲಿಲ್ಲ.

ಅವರು ಕೊರಳಿನ ವಿಜಿಲನ್ನು ತೆಗೆದು ನನ್ನ ಕೈಗಿಟ್ಟರು. “ಬರೋ ಗಾಡಿಗೆ ಎರಡೂ ಬಾಗಿಲು ತೆಗಿ. ಹುಡುಗ್ರು ಏನೇ ಕಥೆ ಹೇಳಿದ್ರೂ ಹೊರಗೆ ಬಿಡಬೇಡ. ಗೋಡೆಗೆ ಒರಗಬೇಡ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಒಳಗೆ ಹೋಗಿ ನಾನು ಎಲ್ಲಿ ಕೂರ್ಲಿ?”

“ಅಮ್ಮನ ಪಕ್ಕ. ಮುಂದಿನ ಸಾಲು.”

“ಆರ್ಡರಾ?”

“ಪಹರೆಯವಳು ಕಮಾಂಡರ್‌ಗೆ ಆರ್ಡರ್ ಕೊಡಲ್ಲ. ಅಮ್ಮ ಜಾಗ ಹಿಡಿದಿರ್ತಾಳೆ, ಅಷ್ಟೇ.”

ಅಪ್ಪ ಟೋಪಿ ಸರಿಮಾಡಿಕೊಂಡು ಒಳಗೆ ಹೋದರು.

ಗೇಟು ಕಾಯುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬಿಸಿಲು ನೇರ ಮುಖಕ್ಕೆ ಬಡಿಯುತ್ತಿತ್ತು. ಕಬ್ಬಿಣದ ಬಾಗಿಲಿನ ಒಂದು ಪಕ್ಕ ನೆಲಕ್ಕೆ ಉಜ್ಜುತ್ತಿತ್ತು, ಎತ್ತಿ ತಳ್ಳಬೇಕು. ಮೂವರು ಹುಡುಗಿಯರು ಬಂದು “ಅಕ್ಕಾ, ಜೆರಾಕ್ಸ್ ಮಾಡಿಸ್ಕಂಡು ಓಡಿ ಬಂದ್ಬಿಡ್ತೀವಿ ಅಕ್ಕಾ” ಎಂದು ಗೋಗರೆದರು. ಬಿಡಲಿಲ್ಲ. “ಮಲ್ಲೇಶಣ್ಣನೇ ವಾಸಿ ಕಣ್ರೇ” ಎಂದು ಗೊಣಗುತ್ತಾ ಹೋದರು. ಬೈಕಿನಲ್ಲಿ ಬಂದ ಅಧ್ಯಾಪಕರೊಬ್ಬರು ನನ್ನನ್ನು ಹೊಸ ಕಾವಲಿನವಳೆಂದೇ ತಿಳಿದರು.

“ಏನಮ್ಮಾ, ಪ್ರೋಗ್ರಾಮ್ ಶುರುವಾಯ್ತಾ? ಆ ಮಿಲಿಟರಿ ಮೇಡಂ ಬಂದ್ರಾ?”

“ಬಂದಿದಾರೆ ಸರ್.”

“ಹೆಂಗಿದಾರೆ? ಜೋರಾ?”

“ಗೊತ್ತಿಲ್ಲ ಸರ್, ಜಾಸ್ತಿ ಮಾತಾಡಲ್ಲ” ಅಂದೆ.

ಒಳಗೆ ಪ್ರಾರ್ಥನೆ ಮುಗಿದು ಮೈಕಿನಲ್ಲಿ ನನ್ನ ಹೆಸರು ಕರೆದರು. ಮತ್ತೆ ಕರೆದರು. ಮೂರನೆಯ ಸಲ ಕರೆಯುವ ಹೊತ್ತಿಗೆ ಕಾರ್ಯದರ್ಶಿಯವರು ಪಂಚೆ ಎತ್ತಿ ಹಿಡಿದು ಓಡುತ್ತಾ ಬಂದರು. ನನ್ನ ಕೈಯಲ್ಲಿದ್ದ ವಿಜಿಲ್ ನೋಡಿ ನಿಂತುಬಿಟ್ಟರು.

“ಏನ್ರೀ ಮೇಡಂ ಇದು! ಅಲ್ಲಿ ಎಲ್ಲ ಕಾಯ್ತಿದಾರೆ.”

“ಡ್ಯೂಟಿಯಲ್ಲಿದ್ದೀನಿ ಸರ್.”

“ತಮಾಷೆ ಸಾಕು. ಮಲ್ಲೇಶಪ್ಪ ಒಳಗೆ ಕೂತಿದಾನೆ. ಎಬ್ಬಿಸಿ ಕಳಿಸ್ತೀನಿ, ನೀವು ಬನ್ನಿ.”

“ಅಪ್ಪನನ್ನು ಎಬ್ಬಿಸಿದರೆ ನಾನು ಬರಲ್ಲ. ಬೇರೆ ಯಾರನ್ನಾದರೂ ಕಳಿಸಿ.”

ಅವರ ಮುಖದ ನಗು ಹೋಯಿತು. ದನಿ ಮಾತ್ರ ಮೆತ್ತಗೇ ಇತ್ತು. “ನೋಡಿ ಮೇಡಂ, ನೀವು ರಜೆ ಮುಗಿಸಿ ಹೊರಟುಹೋಗ್ತೀರಿ. ನಿಮ್ಮ ತಂದೆ ಇಲ್ಲೇ ಇರಬೇಕು. ಮಾರ್ಚ್ ಹತ್ತಿರ ಬಂತು. ಕಾಂಟ್ರಾಕ್ಟ್ ನನ್ನ ಕೈಯಲ್ಲಿದೆ.”

ಅಪ್ಪನ ಪಾಲಿಶ್ ಹಾಕಿದ ಬೂಟುಗಳು ಕಣ್ಣ ಮುಂದೆ ಬಂದವು. ಆ ಕ್ಷಣದಲ್ಲಿ ವಿಜಿಲನ್ನು ಅವರ ಕೈಗೆ ಕೊಟ್ಟು ಒಳಗೆ ಹೋಗಿದ್ದರೆ ಎಲ್ಲವೂ ನಗುನಗುತ್ತಾ ಮುಗಿದುಹೋಗುತ್ತಿತ್ತು. ಆದರೆ ಒಳಗೆ ಕುರ್ಚಿಯ ಮೇಲೆ ಕೂತಿದ್ದ ಅಪ್ಪನನ್ನು ಎಲ್ಲರೆದುರು ಎಬ್ಬಿಸಿ ಕಳಿಸುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

“ಸರ್, ಕಾಂಟ್ರಾಕ್ಟ್ ಕೊಡೋದು ಬಿಡೋದು ನಿಮ್ಮ ಅಧಿಕಾರ. ನಾನು ಕೇಳಲ್ಲ. ಆದರೆ ಗೇಟಿಗೆ ಬದಲಿ ಕೊಡೋದೂ ನಿಮ್ಮದೇ ಕೆಲಸ. ಅವರು ನಿಮ್ಮ ಮಾತು ಮೀರಿಲ್ಲ. ನೀವು ನಿಮ್ಮ ಕೆಲಸ ಮಾಡಿಲ್ಲ.”

ಅಷ್ಟು ಉದ್ದ ಮಾತನ್ನು ನಾನು ಅಪರಿಚಿತರೊಬ್ಬರಿಗೆ ಅದುವರೆಗೂ ಆಡಿರಲಿಲ್ಲ. ಮೈಕಿನಲ್ಲಿ ನನ್ನ ಹೆಸರು ಮತ್ತೆ ಕೇಳಿಸಿತು. ಕಾರ್ಯದರ್ಶಿಯವರು ಬೆವರು ಒರೆಸಿಕೊಂಡು, ಕಾರಿನ ಹತ್ತಿರ ನಿಂತಿದ್ದ ಚಂದ್ರುವನ್ನು ಕರೆದರು. “ಲೋ, ಇಲ್ಲಿ ನಿಂತ್ಕೊಳೋ. ಆಯ್ತಾ ಮೇಡಂ? ಈಗ ಬನ್ನಿ.”

“ನನ್ನನ್ನು ಇಲ್ಲಿ ನಿಲ್ಲಿಸಿದ್ದು ಗಾರ್ಡ್ ಕಮಾಂಡರ್. ಅವರೇ ಬಂದು ಬಿಡಿಸಬೇಕು.”

“ಯಾವ ಕಮಾಂಡರ್ ರೀ?”

“ಮುಂದಿನ ಸಾಲಿನಲ್ಲಿದ್ದಾರೆ.”

ನಂತರ ನಡೆದದ್ದನ್ನು ನಾನು ನೋಡಲಿಲ್ಲ. ಅಮ್ಮನೇ ನೋಡಿದ್ದು. ಇವತ್ತಿಗೂ ಯಾರಾದರೂ ಮನೆಗೆ ಬಂದರೆ ಅಭಿನಯಿಸಿ ತೋರಿಸುತ್ತಾಳೆ. ಕಾರ್ಯದರ್ಶಿಯವರು ತುಂಬಿದ ಸಭೆಯ ನಡುವೆ ಬಂದು, ಅಪ್ಪನ ಕುರ್ಚಿಯ ಮುಂದೆ ಸೊಂಟ ಬಗ್ಗಿಸಿ, “ಮಲ್ಲೇಶಪ್ಪನವರೇ, ನಿಮ್ಮ ಮಗಳನ್ನ ಸ್ವಲ್ಪ ಬಿಡಿಸಿಕೊಡ್ತೀರಾ?” ಎಂದು ಕೇಳಿದರಂತೆ. “‘ನವರೇ’ ಅಂದ ಕಣೇ, ನನ್ನ ಕಿವಿಯಾರೆ ಕೇಳಿದೀನಿ” ಎನ್ನುತ್ತಾಳೆ ಅಮ್ಮ.

ಅಪ್ಪ ಬಂದರು. ಆತುರಪಡಲಿಲ್ಲ. ಚಂದ್ರುವನ್ನು ನನ್ನೆದುರಿಗೆ ನಿಲ್ಲಿಸಿ, ಅವನ ಅಂಗಿಯ ಗುಂಡಿ ಹಾಕಿಸಿ, ನನ್ನಿಂದ ವಿಜಿಲನ್ನು ಅವನಿಗೆ ಕೊಡಿಸಿದರು. ಹೇಳಬೇಕಾದದ್ದನ್ನೆಲ್ಲ ಅವನಿಗೂ ಹೇಳಿದರು. ಅಷ್ಟು ಹೊತ್ತೂ ನಾನು ಸಾವಧಾನ್‌ನಲ್ಲೇ ಇದ್ದೆ. ಕೊನೆಗೆ ನನ್ನ ಕಡೆ ತಿರುಗಿ, ನನಗೆ ಮಾತ್ರ ಕೇಳುವಂತೆ, “ವಿಶ್ರಾಮ್” ಅಂದರು.

ಒಬ್ಬ ಹವಾಲ್ದಾರರ ಆಜ್ಞೆಗೆ ನಾನು ಕಾಲು ಸಡಿಲಿಸಿದೆ. ಇಬ್ಬರೂ ಜೊತೆಯಲ್ಲೇ ಒಳಗೆ ಹೋದೆವು.

ಸನ್ಮಾನ ನಡೆಯಿತು. ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿ ಎಂದಾಗ, ನನಗೆ ನಿಲ್ಲುವುದನ್ನು ಕಲಿಸಿದ ಹವಾಲ್ದಾರರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ ಎಂದಷ್ಟೇ ಹೇಳಿ ಕೆಳಗಿಳಿದೆ. ಚಪ್ಪಾಳೆ ಬಂತೋ ಇಲ್ಲವೋ ನೆನಪಿಲ್ಲ. ಸೆಲ್ಯೂಟ್ ಫೋಟೊ ಯಾರ ಮೊಬೈಲಿನಲ್ಲೂ ಇಲ್ಲ. ಅದೊಂದು ನನಗೆ ಇಂದಿಗೂ ಸಮಾಧಾನ.

ಮಾರನೆಯ ದಿನ ಭಾನುವಾರ; ಅಪ್ಪನೂ ನಮ್ಮ ಜೊತೆಗೇ ಊರಿಗೆ ಹೊರಟರು. ಸಂಜೆಯ ಬಸ್ಸು ತುಂಬಿತ್ತು. ಅಮ್ಮನಿಗೆ ಮುಂದೆ ಸೀಟು ಸಿಕ್ಕಿತು. ಅಪ್ಪ ಸೊರಬ ಬಿಟ್ಟಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಕಂಬಿ ಹಿಡಿದು ನನ್ನ ಪಕ್ಕ ನಿಂತಿದ್ದರು. ಕಾರ್ಯದರ್ಶಿ ಹೇಳಿದ್ದನ್ನು ನಾನು ಮುಚ್ಚಿಡದೆ ತಿಳಿಸಿದ್ದೆ. ಅಮ್ಮ ಮಾತ್ರ ಮುಂದಿನಿಂದಲೇ ತಿರುಗಿ, “ಈಸೂರಿನ ಕಡೆ ರಕ್ತ ಅಪ್ಪನ್ನ ಬಿಟ್ಟು ಮಗಳಿಗೆ ಬಂದೈತೆ” ಎಂದು ಛೇಡಿಸಿದಳು. ಅಪ್ಪನ ಹುಟ್ಟೂರು, ಹಿಂದೆ ಬ್ರಿಟಿಷರ ವಿರುದ್ಧ ಬಂಡೆದ್ದ ಈಸೂರಿನ ಪಕ್ಕದ ಹಳ್ಳಿ.

ಶಿರಾಳಕೊಪ್ಪದಲ್ಲಿ ಒಂದು ಸೀಟು ಖಾಲಿಯಾಯಿತು. ನಾನು ಅಪ್ಪನ ಮುಖ ನೋಡಿದೆ. ಅವರು ಹೋಗಿ ಕೂತರು. ಕೂತು, ನನ್ನ ಕೈಯಲ್ಲಿದ್ದ ಹಣ್ಣಿನ ಬುಟ್ಟಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮಾತು ತೆಗೆದರು.

“ಬೀಗದಕೈ ಕೇಳಿದ್ಯಾ?”

“ಯಾವ ಬೀಗದಕೈ?”

“ಗೇಟಿಂದು. ಪೋಸ್ಟ್ ತಗೊಳ್ಳೋವಾಗ ಬೀಗದಕೈ ಎಲ್ಲೈತೆ ಅಂತ ಕೇಳಬೇಕಾ ಬೇಡ್ವಾ? ನನ್ನ ಜೇಬಲ್ಲೇ ಇತ್ತು. ಗೇಟ್ ಹಾಕ್ಬೇಕಾಗಿ ಬಂದಿದ್ರೆ ಏನ್ಮಾಡ್ತಿದ್ದೆ? ಸೆರಗಿಂದ ಕಟ್ತಿದ್ಯಾ?”

“ಕೊಡೋರೂ ಕೊಡಬೇಕಿತ್ತು” ಅಂದೆ.

“ಎದುರು ಮಾತಾಡ್ತೀಯಾ? ನೆಟ್ಟಗೆ ನಿಂತ್ಕ, ಬಸ್ಸು ತಿರುಗುತ್ತೆ.”

ಶಿಕಾರಿಪುರ ಬರುವವರೆಗೂ ನನ್ನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಲೇ ಇದ್ದರು. ನಾನು ನಿಂತುಕೊಂಡೇ ಕೇಳಿದೆ. ಅಷ್ಟು ಸುಖದ ಬೈಗುಳವನ್ನು ನಾನು ಮತ್ತೆಲ್ಲೂ ತಿಂದಿಲ್ಲ.

ಮಾರ್ಚ್‌ನಲ್ಲಿ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಹೊಸಬರಿಗೆ ಚಾರ್ಜ್ ಕೊಟ್ಟು ಬಂದೆ. ಬೀಗದಕೈ ಸಮೇತ.” ಅಪ್ಪನ ಬೆಳಗುಗಳನ್ನು ನಾನೇ ಕಸಿದುಕೊಂಡೆನೇ ಎಂಬ ಪ್ರಶ್ನೆ ಈಗಲೂ ಆಗಾಗ ಎದುರಿಗೆ ಬಂದು ನಿಲ್ಲುತ್ತದೆ. ಆದರೆ ಆ ಮಧ್ಯಾಹ್ನ ಮತ್ತೆ ಬಂದರೆ ನಾನು ಮತ್ತೆ ಅದೇ ಗೇಟಿನಲ್ಲಿ ನಿಲ್ಲುತ್ತೇನೆ. ಮೇಲಿನವರ ಮಾತಿಗೆ ಬೆಲೆ ಕೊಡುವುದನ್ನು ನನಗೆ ಕಲಿಸಿದ್ದು ಅಪ್ಪ. ಮೇಲಿನವರೂ ಆ ಬೆಲೆಗೆ ತಕ್ಕ ಹಾಗೆ ನಡೆಯಬೇಕು ಎಂದು ಕೇಳುವುದು ಅವಿಧೇಯತೆ ಎಂದಾದರೆ, ಆ ಹೆಸರು ನನಗಿರಲಿ.

ಮುಂದಿನ ರಜೆಗೆ ಊರಿಗೆ ಬಂದಾಗ ಬ್ಯಾಗು ಹೊತ್ತು ಪಡಸಾಲೆಗೆ ಕಾಲಿಟ್ಟೆ. ಅಪ್ಪ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಕುರ್ಚಿಯ ಪಕ್ಕದಲ್ಲಿ ಬೂಟುಗಳಿದ್ದವು, ಪಾಲಿಶ್ ಹಾಕಿದ್ದವು. ತಲೆ ಎತ್ತಿ ನನ್ನನ್ನು ನೋಡಿ, “ಬಂದ್ಯಾ ಪುಟ್ಟಿ? ಕೈಕಾಲು ತೊಳ್ಕಂಡು ಟೀ ಮಾಡು. ನನಗೂ ಇರಲಿ” ಅಂದರು.

ಏಳಲಿಲ್ಲ.